ವೈನಿಯ ರಕ್ತ ಕೊಟ್ಟ ಎರಡು ಉತ್ತರ

ಮೊನ್ನೆ ಥೈರಾಯ್ಡ್ ಪರೀಕ್ಷೆಗೆಂದು ಸಿಂಧನೂರಿನ ಒಂದು ಲ್ಯಾಬಿಗೆ ಹೋಗಿದ್ದೆ. ರಕ್ತ ತೆಗೆಯುವ ಹುಡುಗಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ನನ್ನ ಮೊಳಕೈಯ ಒಳಭಾಗಕ್ಕೆ ಒರೆಸಿದಳು. ತಣ್ಣಗೆ ಮೂಗಿಗೆ ಏರುವ ಆ ವಾಸನೆ... ನಾನು ಮುಖ ಆ ಕಡೆ ತಿರುಗಿಸಿದೆ. "ಸೂಜಿಗೆ ಹೆದರ್ತೀರೇನ್ರಿ ಆಂಟಿ?" ಎಂದು ಹುಡುಗಿ ನಕ್ಕಳು. ಹೆದರಿಕೆಯಲ್ಲ. ಆ ವಾಸನೆಯೊಳಗಿಂದ ನನಗೆ ಮಸ್ಕಿಯ ಒಂದು ಮನೆಯ ಬಚ್ಚಲು ಕಂಡಿತ್ತು. ಗೋಡೆಯ ಗೂಡಿನಲ್ಲಿ ಉರಿಯುವ ಸ್ಪಿರಿಟ್ ದೀಪ, ಅದರ ಮೇಲೆ ಗಾಜಿನ ನಳಿಗೆ, ನಳಿಗೆಯನ್ನು ಚಿಮಟದಲ್ಲಿ ಹಿಡಿದು ಕೂತ ವೈನಿ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಸ್ಕಿಯ ಪ್ರಾಥಮಿಕ ಶಾಲೆಯಲ್ಲಿ ನನಗೆ ಹೊಸದಾಗಿ ನೌಕರಿ ಸಿಕ್ಕಿತ್ತು. ನಮ್ಮೂರು ಗೊರೇಬಾಳ. ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡ, ಒಳ್ಳೆಯವರ ಮನೆಯಲ್ಲಿ ಒಂದು ಖೋಲಿ ನೋಡಿಕೋ ಎಂದು ಅಪ್ಪ ಹಟ ಹಿಡಿದಿದ್ದ. ಹಾಗೆ ಸಿಕ್ಕಿದ್ದು ಪೇಟೆಯ ಕಿರಾಣಿ ಅಂಗಡಿಯವರ ಮನೆ. ಮುಂದೆ ಅಂಗಡಿ, ಹಿಂದೆ ಮನೆ, ಅಂಗಳದ ಮೂಲೆಯಲ್ಲಿ ನನ್ನ ಖೋಲಿ. ಅಂಗಡಿ ನೋಡಿಕೊಳ್ಳುತ್ತಿದ್ದವರನ್ನು ನಾನು ಅಣ್ಣಾರು ಅನ್ನುತ್ತಿದ್ದೆ, ಅವರ ತಾಯಿಯನ್ನು ದೊಡ್ಡವ್ವ. ಅಣ್ಣಾರ ಹೆಂಡತಿ ವೈನಿ, ಅಂದರೆ ಅತ್ತಿಗೆ. ನಮ್ಮಿಬ್ಬರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಟೀಚರೆಂದು ಅವಳು ನನ್ನನ್ನು ಅಕ್ಕೋರ ಅನ್ನುತ್ತಿದ್ದಳು. ಎದುರಿಗೆ ರೀ ಹಚ್ಚಿ ಮಾತಾಡಿದರೂ ಮನಸ್ಸಿನೊಳಗೆ ಅವಳು ನನಗೆ ಮೊದಲಿಂದಲೂ ಏಕವಚನವೇ.

ವೈನಿಯ ತವರು ಹಟ್ಟಿ. ತಂದೆ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕಿದ್ದವರು, ಇವಳು ಕಂಪನಿಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಲಿಂಗಸುಗೂರಿನಲ್ಲಿ ಪಿಯುಸಿ ಓದಿದ್ದಳು. ಓದುವ ಚಟ ಬಿಟ್ಟಿರಲಿಲ್ಲ. ಮನೆಯಲ್ಲಿ ಪುಸ್ತಕಗಳೇನೂ ಇರಲಿಲ್ಲ, ಆದರೆ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹಳೆಯ ಪೇಪರು ಬೇಕಾದಷ್ಟಿತ್ತು. ಬೆಲ್ಲಕ್ಕೆ, ಜೀರಿಗೆಗೆ ಹೋಗುವ ಮೊದಲು ಪ್ರತಿ ತುಂಡೂ ಅವಳ ಕಣ್ಣು ದಾಟಿ ಹೋಗಬೇಕು. ಅರ್ಧ ಹರಿದ ಕಥೆ ಸಿಕ್ಕರೆ ಉಳಿದರ್ಧವನ್ನು ತಾನೇ ಕಟ್ಟಿ, ಸಂಜೆ ನಾನು ಶಾಲೆಯಿಂದ ಬಂದ ಮೇಲೆ ಹೇಳುತ್ತಿದ್ದಳು. "ಇದು ಖರೇನ ಹಿಂಗ ಮುಗೀತದೇನ್ರಿ?" ಎಂದು ಕೇಳಿದರೆ, "ಯಾರಿಗ್ಗೊತ್ತು ಅಕ್ಕೋರ, ಉಳಿದದ್ದು ಯಾರ ಮನಿ ಸಕ್ರಿ ಜೋಡಿ ಹೋಗೈತೋ" ಎಂದು ನಗುತ್ತಿದ್ದಳು.

ನಾನು ಆ ಮನೆಗೆ ಹೋಗುವ ಹೊತ್ತಿಗೆ ಅವಳಿಗೆ ಕಾಯಿಲೆ ಬಂದಾಗಿತ್ತು. ಅದರ ಮೊದಲ ಸುದ್ದಿಯನ್ನೆಲ್ಲ ಅವಳ ಬಾಯಿಂದಲೇ ಕೇಳಿದ್ದೇನೆ. ಮದುವೆಯಾಗಿ ಸ್ವಲ್ಪ ಕಾಲಕ್ಕೆ ಎಲ್ಲಿಲ್ಲದ ನೀರಡಿಕೆ. ತಂಬಿಗೆಗಟ್ಟಲೆ ಕುಡಿದರೂ ನಾಲಿಗೆ ಒಣಗುತ್ತಿತ್ತು. ಸೀರೆಯ ನಿರಿಗೆ ನಿಲ್ಲದಷ್ಟು ಸೊರಗಿದಳು. ಓಣಿಯ ಹೆಂಗಸರು ಮೊದಲು ಬಸಿರು ಅಂದರು, ಆಮೇಲೆ ಕ್ಷಯ ಅಂದರು. ಊರಿನ ದವಾಖಾನೆಯಲ್ಲಿ ಮೂತ್ರ ನೋಡಿ ಸಕ್ಕರೆ ಕಾಯಿಲೆ ಎಂದು ಗುಳಿಗೆ ಕೊಟ್ಟರು. ಇಷ್ಟು ಸಣ್ಣ ವಯಸ್ಸಿಗೆ, ಇಷ್ಟು ತೆಳ್ಳಗಿನ ಹೆಣ್ಣಿಗೆ ಸಕ್ಕರೆ ಕಾಯಿಲೆಯೇ ಎಂದು ಎಲ್ಲರಿಗೂ ಸೋಜಿಗ. ಗುಳಿಗೆಯಿಂದ ಏನೂ ಆಗಲಿಲ್ಲ. ಕೊನೆಗೆ ಲಿಂಗಸುಗೂರಿನ ಹಿರಿಯ ಡಾಕ್ಟರೊಬ್ಬರ ಹತ್ತಿರ ಹೋದರು. ಅವರು ಅವಳ ಮೈ ನೋಡಿ, ಮಾತು ಕೇಳಿ, ಇದು ಗುಳಿಗೆಗೆ ಬಗ್ಗುವ ಜಾತಿಯದಲ್ಲ, ಇನ್ಸುಲಿನ್ ತಯಾರಿಸುವ ಶಕ್ತಿಯೇ ಮೈಯಲ್ಲಿ ನಿಂತುಹೋಗುತ್ತಿದೆ, ಹೊರಗಿನಿಂದ ಕೊಡಬೇಕು ಎಂದು ಸೂಜಿ ಶುರು ಮಾಡಿದರು. ಒಣಗಿದ ಗಿಡಕ್ಕೆ ಕಾಲುವೆ ನೀರು ಬಿಟ್ಟಂತೆ ಅವಳ ಮೈ ಮತ್ತೆ ತುಂಬಿಕೊಂಡಿತಂತೆ.

ಆ ಸೂಜಿಯ ದಿನಚರಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಬಚ್ಚಲ ಮೂಲೆಯಲ್ಲಿ ಮರಳು ಹರಡಿ, ಅದರ ಮೇಲೆ ಮಣ್ಣಿನ ಮಗೆ ಇಟ್ಟು, ಮಗೆಗೆ ಒದ್ದೆ ಬಟ್ಟೆ ಸುತ್ತಿ, ಒಳಗೆ ಔಷಧದ ಶೀಸೆ. ಬೇಸಿಗೆಯಲ್ಲಿ ಆ ಬಟ್ಟೆ ಒಣಗದಂತೆ ಮತ್ತೆ ಮತ್ತೆ ನೀರು ಚಿಮುಕಿಸುತ್ತಿದ್ದಳು. ಗಾಜಿನ ಸಿರಿಂಜನ್ನು ಸ್ಟೀಲಿನ ಡಬ್ಬಿಯಲ್ಲಿ ಕುದಿಸಬೇಕು. ಮೊಂಡಾದ ಸೂಜಿಯನ್ನೇ ಎಷ್ಟೋ ದಿನ ಬಳಸಬೇಕು. ಸಕ್ಕರೆ ಎಷ್ಟಿದೆ ಎಂದು ತಿಳಿಯಲು ನೀಲಿ ದ್ರಾವಣಕ್ಕೆ ಮೂತ್ರದ ಹನಿ ಬಿಟ್ಟು ದೀಪದ ಮೇಲೆ ಕಾಯಿಸುವುದು. ನೀಲಿ ಹಾಗೇ ಉಳಿದರೆ ಒಳ್ಳೆಯದು. ಹಸಿರು, ಹಳದಿ ದಾಟಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ಕೆಟ್ಟದ್ದು. ಗಣಿಯ ಊರಿನವಳು, ದವಾಖಾನೆ ನೋಡಿ ಬೆಳೆದವಳು. ಇದಕ್ಕೆಲ್ಲ ಅವಳು ಅಳುಕಲಿಲ್ಲ. ಅವಳನ್ನು ಕಾಡಿದ್ದು ಬೇರೆಯೇ.

ಆ ಕಾಲದಲ್ಲಿ ಆ ಔಷಧವನ್ನು ದನದ, ಹಂದಿಯ ಅಂಗದಿಂದ ತೆಗೆಯುತ್ತಿದ್ದರು. ಇದು ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡದೆ ಬಾಯಿಗೆ ಹನಿ ನೀರು ಬಿಡದ ಮನೆ. ಅಣ್ಣಾರಿಗೆ ಗೊತ್ತಿತ್ತೋ ಇಲ್ಲವೋ, ಅವರು ಆ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಶೀಸೆಯ ಮೇಲಿನ ಇಂಗ್ಲಿಷನ್ನು ಓದಿಕೊಂಡಿದ್ದು ವೈನಿಯೇ. ಸುಮ್ಮನಿದ್ದುಬಿಡಬಹುದಿತ್ತು. ಒಂದು ಮುಂಜಾನೆ ಪೂಜೆಗೆ ಕೂಡುವ ಮೊದಲು ಅತ್ತೆಯ ಮುಂದೆ ಹೋಗಿ ನಿಂತಳು. ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ.

"ಅತ್ತಿ, ಈ ಔಷಧ ದನದಿಂದ ಮಾಡಿರ್ತಾರಂತ. ಶೀಸೆ ಮ್ಯಾಲ ಬರದೈತಿ. ನಿಮಗ ತಿಳಿಸದ ನಿಮ್ಮ ಬಾಜೂಕ ಕುಂಡ್ರಾಕ ನನಗ ಆಗವಲ್ದು."

ದೊಡ್ಡವ್ವ ಬೈಯಲಿಲ್ಲ, ಚೀರಲಿಲ್ಲ. ಮರುದಿನದಿಂದ ವೈನಿಯ ಪೂಜೆಯ ಮಣೆ ಪಡಸಾಲೆಗೆ ಬಂತು. ವಿಭೂತಿ ಬೇರೆ, ತಂಬಿಗೆ ಬೇರೆ. ದೇವರ ಕೋಣೆಯ ಹೊಸ್ತಿಲು ಅವಳಿಗೆ ಮುಚ್ಚಿದಂತಾಯಿತು. ವೈನಿ ಸೂಜಿ ಹಾಕಿಕೊಂಡ ಮೇಲೆ ಪ್ರತಿ ಸಲವೂ ತಲೆಯ ಮೇಲೆ ನೀರು ಸುರಿದುಕೊಳ್ಳಲು ಶುರು ಮಾಡಿದಳು. ಚಳಿಗಾಲದಲ್ಲೂ... ಯಾರೂ ಹೇಳಿರಲಿಲ್ಲ. "ಯಾಕ್ರಿ ವೈನಿ ಹಿಂಗ ಮಾಡ್ತೀರಿ?" ಎಂದರೆ, "ನನ್ನ ಸಮಾಧಾನಕ್ಕ" ಅನ್ನುತ್ತಿದ್ದಳು. ಸಮಾಧಾನ ಮಾತ್ರ ಮುಖದ ಮೇಲೆ ಕಾಣುತ್ತಿರಲಿಲ್ಲ.

ಹೀಗಿರುವಾಗ ಅಣ್ಣಾರಿಗೆ ಹೈದರಾಬಾದಿನ ವ್ಯಾಪಾರಸ್ಥರೊಬ್ಬರಿಂದ ಅಲ್ಲಿನ ದೊಡ್ಡ ಡಾಕ್ಟರ ವಿಷಯ ತಿಳಿಯಿತು. ಸಕ್ಕರೆ ಕಾಯಿಲೆಯಲ್ಲಿ ಎರಡು ಬಗೆ ಇದೆ. ಒಂದು ಬಗೆಗೆ ಸೂಜಿಯಿಲ್ಲದೆ ಗತಿಯಿಲ್ಲ. ಯಾವ ಬಗೆ ಎಂದು ರಕ್ತದಲ್ಲೇ ಹುಡುಕುವ ಹೊಸ ಪರೀಕ್ಷೆ ಬಂದಿದೆ ಎಂಬ ಸುದ್ದಿ. ಮೈಯನ್ನು ಕಾಯಬೇಕಾದ ಪಡೆಯೇ ತಿರುಗಿಬಿದ್ದು ಇನ್ಸುಲಿನ್ ತಯಾರಿಸುವ ಜಾಗವನ್ನು ಹಾಳು ಮಾಡುತ್ತದಂತೆ. ಹಾಗೆ ಮಾಡುವಾಗ ರಕ್ತದಲ್ಲಿ ಒಂದು ಗುರುತು ಬಿಡುತ್ತದಂತೆ. ಆ ಗುರುತಿಗೆ ಆಂಟಿಬಾಡಿ ಅನ್ನುತ್ತಾರಂತೆ. ಅದು ಸಿಕ್ಕರೆ ಸೂಜಿಯ ಕಾಯಿಲೆ, ಸಿಗದಿದ್ದರೆ... ಆ "ಸಿಗದಿದ್ದರೆ" ಎಂಬ ಮಾತಿಗೆ ಇಡೀ ಮನೆ ಜೋತುಬಿತ್ತು. ದಂಪತಿಗಳು ಹೈದರಾಬಾದಿಗೆ ಹೋಗಿ ರಕ್ತ ಕೊಟ್ಟು ಬಂದರು. ಅದು ಅಲ್ಲಿಂದ ಮುಂಬಯಿಗೆ ಹೋಗಬೇಕಿತ್ತು. ಕಾಯುವ ದಿನಗಳಲ್ಲಿ ದೊಡ್ಡವ್ವ ಸೋಮವಾರದ ಉಪವಾಸ ಹಿಡಿದಳು. ವೈನಿಯ ಪೇಪರಿನ ಕಥೆಗಳು ನಿಂತುಹೋಗಿದ್ದವು.

ಫಲಿತಾಂಶ ತರಲು ಅಣ್ಣಾರೊಬ್ಬರೇ ಹೋಗಿದ್ದರು. ಬಸ್ಸಿಳಿದು ಓಣಿಯಲ್ಲಿ ಬರುವಾಗಲೇ ಅವರ ನಡಿಗೆಯಲ್ಲಿ ಗೊತ್ತಾಯಿತು. ಚಪ್ಪಲಿ ಬಿಡುವುದನ್ನೂ ಮರೆತು ಪಡಸಾಲೆಗೆ ಬಂದರು.

"ಇಲ್ಲಂತ ಬೇ ಯವ್ವಾ! ರಕ್ತದಾಗ ಏನೂ ಸಿಕ್ಕಿಲ್ಲಂತ!"

ದೊಡ್ಡವ್ವ ಎರಡೂ ಕೈ ಎತ್ತಿ ಮುಗಿದಳು. ವೈನಿ ಗೋಡೆಗೆ ಒರಗಿ ಹಾಗೆಯೇ ಜಾರಿ ಕೂತಳು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವತ್ತು ಆ ಮನೆಯಲ್ಲಿ ಸಂತೋಷಕ್ಕೆ ಶಿರಾ ಮಾಡಿದರು. ಸಕ್ಕರೆ ಕಾಯಿಲೆಯ ಮನೆಯಲ್ಲಿ, ಸಕ್ಕರೆ ಕಾಯಿಲೆಯವಳ ಸಲುವಾಗಿಯೇ ಶಿರಾ! ಈಗ ನೆನೆದರೆ ನಗು ಬರುತ್ತದೆ. ಆಗ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ನಾನೂ ಬೆರಳು ನೆಕ್ಕಿ ತಿಂದೆ.

ಹೈದರಾಬಾದಿನ ಡಾಕ್ಟರು ಹೇಳಿದ್ದು ಇಷ್ಟು: ಗುರುತು ಕಂಡುಬಂದಿಲ್ಲ, ಹಾಗಾಗಿ ಇನ್ನೊಂದು ಬಗೆಯ ಕಾಯಿಲೆ ಇರಲೂಬಹುದು, ನಿಮ್ಮ ಊರಿನ ಕಡೆಯ ಡಾಕ್ಟರ ಕಣ್ಣೆದುರಿಗೆ ಸೂಜಿಯನ್ನು ಸ್ವಲ್ಪ ಸ್ವಲ್ಪ ತಗ್ಗಿಸಿ, ಗುಳಿಗೆ ಕೊಟ್ಟು ನೋಡಬಹುದು. ಆ ಮಾತಿನಲ್ಲಿದ್ದ "ಇರಲೂಬಹುದು", "ಡಾಕ್ಟರ ಕಣ್ಣೆದುರಿಗೆ", "ಸ್ವಲ್ಪ ಸ್ವಲ್ಪ" ಎಂಬುದೆಲ್ಲ ಬಸ್ಸಿನಲ್ಲಿ ಮಸ್ಕಿಗೆ ಬರುವಷ್ಟರಲ್ಲಿ ಎಲ್ಲೋ ಉದುರಿಹೋಯಿತು. ಮನೆ ಮುಟ್ಟಿದ್ದು "ಇಲ್ಲ" ಎಂಬುದೊಂದೇ. ಲಿಂಗಸುಗೂರಿನ ಡಾಕ್ಟರನ್ನು ಕೇಳಿದರೆ ಬೇಡ ಅಂದಾರು ಎಂಬ ಅಳುಕಿಗೆ ಅಲ್ಲಿಗೆ ಹೋಗುವುದನ್ನು ಮುಂದೂಡಿದರು. ವೈನಿಯನ್ನು ಯಾರೂ ಒತ್ತಾಯ ಮಾಡಲಿಲ್ಲ. ಸೂಜಿ ಬಿಟ್ಟಿದ್ದು ಅವಳೇ, ಖುಷಿಯಿಂದ. ಮರುದಿನ ತಲೆ ತುಂಬ ಸ್ನಾನ ಮಾಡಿ, ತನ್ನ ಮಣೆಯನ್ನು ತಾನೇ ಎತ್ತಿಕೊಂಡು ದೇವರ ಕೋಣೆಗೆ ಹೋದಳು. ಅತ್ತೆ ಸರಿದು ಜಾಗ ಕೊಟ್ಟಳು. ಅಂದಿನ ಅವಳ ಮುಖವನ್ನು ನಾನು ಮರೆತಿಲ್ಲ...

ಮೊದಲು ಕೆಲವು ದಿನ ಎಲ್ಲ ಸರಿಯಿದ್ದಂತೆಯೇ ಇತ್ತು. ಆಮೇಲೆ ನೀರಿನ ಕೊಡದ ಹತ್ತಿರ ಅವಳು ಮತ್ತೆ ಮತ್ತೆ ಕಾಣತೊಡಗಿದಳು. ಬಿಸಿಲಿನ ದಿನಗಳು, ಎಲ್ಲರಿಗೂ ನೀರಡಿಕೆಯೇ ಎಂದು ನಾನೂ ಅಂದುಕೊಂಡೆ. ಒಂದು ದಿನ ಬಚ್ಚಲಲ್ಲಿ ದೀಪ ಹಚ್ಚಿ ನೋಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ನಳಿಗೆಯೊಳಗಿನ ನೀಲಿ ನೋಡನೋಡುತ್ತ ಇಟ್ಟಿಗೆಯಾಯಿತು. ಇಬ್ಬರೂ ನೋಡಿದೆವು.

"ವೈನಿ, ಇದು..."

"ಔಷಧ ಹಳೇದಾಗಿರಬೇಕ್ರಿ ಅಕ್ಕೋರ. ಮುಂಬಯಿಯವ್ರು ಇಲ್ಲಂದಾರ. ಅವರಿಗಿಂತ ಈ ಬಾಟ್ಲಿ ಶಾಣ್ಯಾ ಏನು?" ಎಂದು ಅದನ್ನು ಚೆಲ್ಲಿಬಿಟ್ಟಳು.

ಮುಂದಿನ ವಾರ ಶಾಲೆಗೆ ರಜೆ ಇದ್ದ ಒಂದು ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳಲಿಲ್ಲ. ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. ಉಸಿರು ಓಡಿ ಬಂದವರಂತೆ ಉದ್ದಕ್ಕೆ, ಆಳಕ್ಕೆ ಎಳೆಯುತ್ತಿತ್ತು. ಹತ್ತಿರ ಬಗ್ಗಿದಾಗ ಬಾಯಿಂದ ಕಳಿತ ಹಣ್ಣಿನಂಥ ವಾಸನೆ. ಅಣ್ಣಾರು ಮಾಲು ತರಲು ಸಿಂಧನೂರಿಗೆ ಹೋಗಿದ್ದರು. ವೈನಿ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಅಕ್ಕೋರ, ನಾ ತಿಳಕೊಂಡಿದ್ದು ತಪ್ಪಾಗೈತಿ. ಲಿಂಗಸುಗೂರಿಗೆ ಕರಕೊಂಡು ಹೋಗ್ರಿ. ಜಲ್ದಿ..."

ನಾನು ಓಡಿಹೋಗಿ ಸ್ಟ್ಯಾಂಡಿನಿಂದ ಒಂದು ಜೀಪು ತಂದೆ. ತಿರುಗಿ ಬರುವಷ್ಟರಲ್ಲಿ ದೊಡ್ಡವ್ವ ಸೊಸೆಯನ್ನು ಎಬ್ಬಿಸಿ ಕೂರಿಸಿ, ಮುಖ ತೊಳೆದು, ಸೀರೆ ಸರಿ ಮಾಡಿದ್ದಳು. ಹಿಂದಿನ ಸೀಟಿನಲ್ಲಿ ವೈನಿಯ ತಲೆ ಅತ್ತೆಯ ತೊಡೆಯ ಮೇಲೆ. ಮಸ್ಕಿಯಿಂದ ಲಿಂಗಸುಗೂರಿನ ದಾರಿ ಅವತ್ತು ಮುಗಿಯಲೇ ಇಲ್ಲ. ದೊಡ್ಡವ್ವ ದಾರಿಯುದ್ದಕ್ಕೂ ಒಂದೇ ಮಾತು ಆಡುತ್ತಿದ್ದಳು: "ಕಣ್ಣು ಮುಚ್ಚಬ್ಯಾಡ ನನ್ನವ್ವಾ, ನನ್ನ ನೋಡು. ನನ್ನ ಮಾರಿ ನೋಡು." ಸ್ವಲ್ಪ ಹೊತ್ತಿಗೆ ವೈನಿಗೆ ಆ ಮಾತು ಕೇಳಿಸುತ್ತಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಉಸಿರಿನ ಸದ್ದು ಮಾತ್ರ ಜೀಪಿನ ಸದ್ದನ್ನೂ ಮೀರಿ ಕೇಳುತ್ತಿತ್ತು.

ಡಾಕ್ಟರು ಅವಳನ್ನು ನೋಡಿದವರೇ ಬಾಯಿಯ ಹತ್ತಿರ ಬಗ್ಗಿ ವಾಸನೆ ನೋಡಿದರು. "ಸೂಜಿ ಯಾವಾಗ ಬಿಟ್ರಿ?" ಎಂದಷ್ಟೇ ಕೇಳಿದರು. ಉತ್ತರಕ್ಕೆ ಕಾಯದೆ ನರ್ಸಮ್ಮನನ್ನು ಕೂಗಿ ಸಲೈನ್ ಹಚ್ಚಲು ಹೇಳಿದರು. ಆಗ ದೊಡ್ಡವ್ವ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಆ ಶೀಸೆ! ಆ ಮೂಲೆಯ ಕಡೆ ಅಲ್ಲಿಯತನಕ ಒಮ್ಮೆಯೂ ಕಾಲಿಡದವಳು, ನಾನು ಜೀಪು ತರಲು ಹೋದಾಗ ಮಗೆಯೊಳಗೆ ಕೈ ಹಾಕಿ ತೆಗೆದು, ಸೆರಗಿನಲ್ಲಿ ಗಂಟು ಹಾಕಿ, ಕೂಸನ್ನು ಕಟ್ಟಿಕೊಂಡಂತೆ ಹೊಟ್ಟೆಗೆ ಸಿಕ್ಕಿಸಿಕೊಂಡು ಬಂದಿದ್ದಳು.

"ಇದನ್ನ ಹಾಕ್ರಿ ಯಪ್ಪಾ. ಪೂರಾ ಹಾಕಿಬಿಡ್ರಿ."

ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ ಮೆತ್ತಗೆ ಅಂದರು: "ಇದು ನಿಧಾನಕ್ಕ ಕೆಲಸ ಮಾಡೋದದ ಅವ್ವ. ಈಗ ಬೇಕಾದದ್ದು ನನ್ನ ಹತ್ರ ಅದ. ಇದನ್ನ ಜ್ವಾಕಿಲೆ ಇಟಗೊಳ್ರಿ, ಮುಂದ ಬೇಕಾಗ್ತದ." ಆ ಕಡೆಯ ಎರಡು ಶಬ್ದ ಕೇಳಿ ದೊಡ್ಡವ್ವ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮುಂದ ಬೇಕಾಗ್ತದ ಅಂದರೆ ಮುಂದೆ ಎಂಬುದು ಇದೆ ಎಂದಾಯಿತಲ್ಲ.

ಮಧ್ಯಾಹ್ನ ಕಳೆದು ಬಿಸಿಲು ಇಳಿಯುವಾಗ ವೈನಿಯ ಉಸಿರು ಹದಕ್ಕೆ ಬಂತು. ಕಣ್ಣು ಬಿಟ್ಟು ಎದುರಿಗಿದ್ದ ಅತ್ತೆಯನ್ನು ನೋಡಿ, "ನೀವು ಉಂಡೀರಿಲ್ಲೋ?" ಎಂದು ಕೇಳಿದಳು. ದೊಡ್ಡವ್ವ ಅವಳ ಹಣೆಯ ಮೇಲಿನ ಕೂದಲು ಸರಿಸಿದಳು. ಅಷ್ಟರಲ್ಲಿ ಅಣ್ಣಾರೂ ಸಿಂಧನೂರಿನಿಂದ ಸುದ್ದಿ ತಿಳಿದು ಬಂದಿದ್ದರು. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು, ಒಳಗೆ ಬರಲಿಲ್ಲ. ಡಾಕ್ಟರೇ ಅವರ ಭುಜದ ಮೇಲೆ ಕೈಯಿಟ್ಟು ಕರೆತಂದು ಕೂರಿಸಿದರು.

"ಹಂಗಾರ ಆ ಪರೀಕ್ಷಾ ಸುಳ್ಳೇನ್ರಿ?" ಎಂದರು ಅಣ್ಣಾರು.

ಡಾಕ್ಟರು ತಕ್ಷಣ ಹೌದು ಅನ್ನಲಿಲ್ಲ. ದೊಡ್ಡವ್ವನ ಕಡೆ ತಿರುಗಿ ಕೇಳಿದರು: "ನಿಮ್ಮ ಹೊಲದಾಗ ಬೆಳಿ ಒಣಗ್ತು ಅಂತ ತಿಳೀರಿ. ಹುಳ ಬಿದ್ದದೇನಂತ ಹುಡುಕಿದ್ರಿ. ಹುಳ ಕಣ್ಣಿಗಿ ಬೀಳಲಿಲ್ಲ. ಬೀಳಲಿಲ್ಲಂತ ಬೆಳಿ ಹಸರಾತೇನು?"

"ಹೆಂಗ ಆದೀತ್ರಿ?" ಅಂದಳು ದೊಡ್ಡವ್ವ.

"ಅಷ್ಟ. ಅವರು ಹುಡುಕಿದ ಗುರುತು ಸಿಕ್ಕಿಲ್ಲ ಅನ್ನೋದು ಖರೇನ. ಸಿಕ್ಕಿದ್ರ ನಮಗ ಭಾಳ ಉಪಯೋಗ ಆಗ್ತಿತ್ತು. ಸಿಗಲಿಲ್ಲಂದ್ರ ಕಾಯಿಲಿ ಇಲ್ಲ ಅಂತಲ್ಲ. ಇದ ಕಾಯಿಲಿ ಇರೋ ಕೆಲವರಲ್ಲಿ ಅದು ಕಾಣಂಗೇ ಇಲ್ಲ. ಆ ಪರೀಕ್ಷಾ ಮಾಡೋದೂ ಇನ್ನಾ ಹೊಸದು, ಒಂದೊಂದು ಕಡೆ ಒಂದೊಂದು ಥರ ಬರ್ತದ. ಅದಕ್ಕ ಕಾಗದದ ಜೋಡಿ ಮನುಷ್ಯಾರನ್ನೂ ನೋಡಬೇಕು."

ಆಮೇಲೆ ನಡೆದದ್ದನ್ನು ನಾನು ಇಂದಿಗೂ ನಗುತ್ತಲೇ ಹೇಳುತ್ತೇನೆ. ಮನೆಗೆ ಬಂದ ಮೇಲೆ ಸೂಜಿ ಹಾಕುವುದನ್ನು ತಾನು ಕಲಿಯುತ್ತೇನೆಂದು ದೊಡ್ಡವ್ವ ಪಟ್ಟು ಹಿಡಿದಳು. ಸೊಸೆಗೆ ಮತ್ತೆ ಹಾಗೇನಾದರೂ ಆಗಿ ಕೈಯಲ್ಲಿ ಶಕ್ತಿಯಿಲ್ಲದಿದ್ದರೆ? ಕನ್ನಡಕ ಏರಿಸಿಕೊಂಡು, ಸಿರಿಂಜಿಗೆ ನೀರು ತುಂಬಿ, ಬದನೆಕಾಯಿಗಳ ಮೇಲೆ ಅಭ್ಯಾಸ ಮಾಡಿದಳು. ಆ ವಾರವೆಲ್ಲ ಮನೆಯಲ್ಲಿ ಎಣ್ಣೆಗಾಯಿ. "ಈ ಬದನಿಕಾಯಿಗೆ ಇನ್ನ ಜನ್ಮದಾಗ ಸಕ್ರಿ ಕಾಯಿಲಿ ಬರಂಗಿಲ್ಲ ಬಿಡ್ರಿ" ಎಂದು ವೈನಿ ರೊಟ್ಟಿ ಬಡಿಯುತ್ತ ನಕ್ಕಳು. ಬಹಳ ದಿನಗಳ ಮೇಲೆ ಕೇಳಿದ ನಗು.

ಸೂಜಿ ಮತ್ತೆ ಶುರುವಾದಾಗ ವೈನಿ ತನ್ನ ಮಣೆಯನ್ನು ತಾನೇ ಪಡಸಾಲೆಗೆ ತಂದು ಇಟ್ಟುಕೊಂಡಿದ್ದಳು. ಒಂದು ಬೆಳಿಗ್ಗೆ ದೊಡ್ಡವ್ವ ಒಳಗಿನಿಂದ ಬಂದು ಆ ಮಣೆಯನ್ನು ಎತ್ತಿಕೊಂಡು ಒಳಗೆ ಹೋದಳು. ವೈನಿ ಹೊಸ್ತಿಲ ಹೊರಗೇ ನಿಂತಳು.

"ಬಾ, ಕೂಡು."

"ಅತ್ತಿ, ಈಗಷ್ಟ ಸೂಜಿ ಹಾಕ್ಕೊಂಡೀನಿ. ಮೈ ತೊಳಕೊಂಡಿಲ್ಲ."

"ಎಷ್ಟು ಸಲ ತೊಳೀತಿ? ಆ ದನಾನೂ ಶಿವನ ಹುಟ್ಟಿಸ್ಯಾನ, ನಿನ್ನೂ ಅವನ ಹುಟ್ಟಿಸ್ಯಾನ. ಅದರ ಜೀವ ನಿನ್ನ ಜೀವಕ್ಕ ಬಂದೈತಿ ಅಂದ್ರ ನಾ ಯಾರು ನಡಕ ಬರಾಕ? ಬಾ, ಹೊತ್ತಾಗಾಕತ್ತೈತಿ."

ವೈನಿ ಒಳಗೆ ಹೋದಳು. ಒದ್ದೆ ಕೂದಲಿಲ್ಲದೆ ಅವಳು ಪೂಜೆಗೆ ಕೂತದ್ದನ್ನು ನಾನು ಅವತ್ತು ಮೊದಲ ಸಲ ನೋಡಿದೆ.

ತೊಂಬತ್ತರ ದಶಕದ ನಡುವಿನಲ್ಲಿ ನನಗೆ ಮದುವೆಯಾಯಿತು, ಸಿಂಧನೂರಿಗೆ ವರ್ಗವಾಯಿತು. ಮಸ್ಕಿಯೇನು ದೂರವಲ್ಲ, ಹೋಗಿ ಬರುವುದು ಇದ್ದೇ ಇತ್ತು. ಆ ಹೊತ್ತಿಗೆ ವೈನಿ ಬಸಿರಾದಳು. ಆ ಸಂತೋಷದ ಜೊತೆಗೇ ಹಳೆಯ ಭಯವೂ ಎದ್ದು ಕೂತಿತು. ಹೆರಿಗೆಗೆ ತೋರಿಸಲು ಹೋದ ಕಡೆ ಹೊಸ ಡಾಕ್ಟರು ಹಳೆಯ ಫಲಿತಾಂಶ ನೋಡಿ, "ಇದರಲ್ಲಿ ಇಲ್ಲ ಅಂತ ಇದೆಯಲ್ಲ, ಸೂಜಿ ಯಾಕೆ?" ಎಂದು ಕೇಳಿದರಂತೆ. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ವೈನಿಗೆ ನಿದ್ದೆ ಹಾರಿಹೋಯಿತು. ಈಗ ಒಂದಲ್ಲ, ಎರಡು ಜೀವ. ನಾಳೆ ಎಲ್ಲೋ ತಾನು ಎಚ್ಚರವಿಲ್ಲದೆ ಮಲಗಿದ್ದಾಗ ಯಾರಾದರೂ ಆ ಕಾಗದ ನೋಡಿ ಸೂಜಿ ನಿಲ್ಲಿಸಿಬಿಟ್ಟರೆ? ಲಿಂಗಸುಗೂರಿನ ಡಾಕ್ಟರ ಮುಂದೆ ಹೋಗಿ ಅತ್ತಳು. ಅವರು ಯೋಚನೆ ಮಾಡಿ, ಈಗ ಬೇರೊಂದು ಗುರುತನ್ನು ಹುಡುಕುವ ಪರೀಕ್ಷೆ ಬಂದಿದೆ, ಮೊದಲಿನದಕ್ಕಿಂತ ನೆಚ್ಚಬಹುದಾದದ್ದು ಎಂದು ಮತ್ತೆ ರಕ್ತ ಕಳಿಸಿದರು.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ನಾನು ಸಿಂಧನೂರಿನ ಮನೆಯ ಮುಂದೆ ಜೋಳ ಹಸನು ಮಾಡುತ್ತಿದ್ದೆ. ಓಣಿಯ ತಿರುವಿನಲ್ಲಿ ವೈನಿ ಕಂಡಳು. ತುಂಬಿದ ಹೊಟ್ಟೆ, ಬಿಸಿಲಿಗೆ ಕೆಂಪಾದ ಮುಖ. ಹಿಂದೆ ಚೀಲ ಹಿಡಿದ ಅಣ್ಣಾರು ಅವಳ ಹೆಜ್ಜೆಗೆ ಹೆಜ್ಜೆ ಹಾಕಲಾಗದೆ ಬರುತ್ತಿದ್ದರು. ದೂರದಿಂದಲೇ ಕೂಗಿದಳು:

"ಐತಂತ್ರಿ ಅಕ್ಕೋರ! ಐತಂತ!"

ಪಕ್ಕದ ಮನೆಯವಳು ಎದ್ದು ಬಂದು, "ಏನೈತಂತ್ರಿ? ಅವಳಿ ಐತೇನು?" ಎಂದು ಕೇಳಿದಳು. ವೈನಿ ಬಂದು ನನ್ನನ್ನು ತಬ್ಬಿಕೊಂಡು, ನಗುತ್ತಿದ್ದವಳು ಬಿಕ್ಕಿ ಬಿಕ್ಕಿ ಅತ್ತಳು. ಕಾಯಿಲೆ ಇದೆ ಎಂದು ಹೇಳಿಸಿಕೊಂಡು ಹೀಗೆ ಹಿಗ್ಗಿದವರನ್ನು ನಾನು ಬೇರೆ ಯಾರನ್ನೂ ನೋಡಿಲ್ಲ. ನೀರು ಕೊಟ್ಟು ಒಳಗೆ ಕೂರಿಸಿದೆ. ಸುಧಾರಿಸಿಕೊಂಡು ಅಂದಳು:

"ಇಷ್ಟು ವರ್ಷ ನಾನ ಸುಳ್ಳು ಹೇಳಾಕತ್ತೀನೇನೋ ಅನ್ನಂಗ ಆಗಿತ್ರಿ. ಕಾಗದ ಇಲ್ಲ ಅಂತೈತಿ, ಮೈ ಐತಿ ಅಂತೈತಿ. ನಾ ಯಾರ್ನ ನಂಬಲಿ? ಇನ್ನ ಯಾರೂ ನನಗ ಸೂಜಿ ಬಿಡು ಅನ್ನಂಗಿಲ್ಲ. ಕೂಸಿಗೇನೂ ಆಗಂಗಿಲ್ಲ."

"ಹಂಗಾರ ಮೊದಲಿನ ಕಾಗದ ಸುಳ್ಳಂತೇನು?" ಎಂದೆ.

"ನಾನೂ ಅದನ್ನ ಕೇಳಿದೆ. ಎರಡೂ ಖರೇ ಅಂದ್ರು ಡಾಕ್ಟರು. ಅದು ಹುಡುಕಿದ್ದು ಒಂದು, ಇದು ಹುಡುಕಿದ್ದು ಇನ್ನೊಂದು. ಮತ್ತ ಏನಂದ್ರು ಗೊತ್ತೇನ್ರಿ? ಇದೂ ಇಲ್ಲಂತ ಬಂದಿದ್ರೂ ನಾ ನಿನಗ ಸೂಜಿ ಬಿಡಸ್ತಿರಲಿಲ್ಲವ್ವಾ, ನಾ ಔಷಧ ಕೊಡೋದು ಕಾಗದಕ್ಕಲ್ಲ, ನಿನಗ ಅಂದ್ರು."

ಮನೆಯಲ್ಲಿ ದೊಡ್ಡವ್ವನಿಗೆ ಈ ಸುದ್ದಿ ಹೇಳಿದಾಗ ಆಕೆ ತಿರುಗಿಯೂ ನೋಡಲಿಲ್ಲವಂತೆ. "ಐತಿ ಅಂದ್ರೂ ಅಷ್ಟ, ಇಲ್ಲ ಅಂದ್ರೂ ಅಷ್ಟ. ಕಾಲು ಚಾಚು, ಸೂಜಿ ಹೊತ್ತಾತು" ಅಂದಳಂತೆ.

ಮಗಳು ಹುಟ್ಟಿದಳು. ತಾಯಿ, ಮಗು ಇಬ್ಬರೂ ಗಟ್ಟಿಯಾಗಿ ಮನೆಗೆ ಬಂದ ದಿನ ಅಣ್ಣಾರು ಅಂಗಡಿಯ ಮುಂದೆ ನಿಂತು ಹೋಗಿಬರುವವರಿಗೆಲ್ಲ ಪೇಢೆ ಹಂಚಿದರು. ಮಗುವಿನ ರಕ್ತದಲ್ಲೂ ಆ ಗುರುತು ಹುಡುಕಿಸಬೇಕೇ ಎಂಬ ಮಾತು ಒಮ್ಮೆ ಬಂತು. ಸಿಕ್ಕರೆ ತಡೆಯುವ ಔಷಧ ಈಗ ಯಾರ ಹತ್ತಿರವೂ ಇಲ್ಲ, ನೀರಡಿಕೆ ಹೆಚ್ಚಾದರೆ, ಸೊರಗಿದರೆ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದರು. ವೈನಿಯೂ ಬೇಡವೆಂದಳು. ಆದರೆ ಆ ಹುಡುಗಿ ಒಂದು ಲೋಟ ನೀರು ಹೆಚ್ಚು ಕುಡಿದರೂ ಅವಳ ಕಣ್ಣು ಅಲ್ಲಿಗೇ ಹೋಗುತ್ತಿದ್ದುದನ್ನು ನಾನು ಬಲ್ಲೆ. ಹುಡುಗಿಗೆ ಏನೂ ಆಗಲಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ಪ್ರಾಣಿಗಳಿಂದ ತೆಗೆಯದ ಹೊಸ ಇನ್ಸುಲಿನ್ ನಮ್ಮ ಕಡೆಗೂ ಬಂತು. ಖಾಲಿಯಾದ ಕೊನೆಯ ಹಳೆಯ ಶೀಸೆಯನ್ನು ಎಸೆಯುವ ಮೊದಲು ದೊಡ್ಡವ್ವ ಅದಕ್ಕೆ ಕೈ ಮುಗಿದಳು.

ದೊಡ್ಡವ್ವ ತುಂಬು ವಯಸ್ಸಿನಲ್ಲಿ ಹೋದಳು. ಲಿಂಗಸುಗೂರಿನ ಡಾಕ್ಟರೂ ಇಲ್ಲ. ವೈನಿ ಮಗಳನ್ನು ಓದಿಸಿದಳು, ಮದುವೆ ಮಾಡಿದಳು. ಹೋದ ವರ್ಷ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಎದ್ದವಳು ಎದೆನೋವೆಂದು ಕೂತಳಂತೆ... ನಾನು ಮಸ್ಕಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಳು ಬಂತು, ಬಹಳ ಬಂತು. ಆದರೂ ಆ ಜೀಪಿನಲ್ಲಿ ಮುಗಿದುಹೋಗಬಹುದಾಗಿದ್ದ ಬದುಕು ಇಷ್ಟು ವರ್ಷ ನಡೆಯಿತಲ್ಲ ಎಂಬ ಸಮಾಧಾನ, ಅಳುವ ನಡುವೆಯೂ ನನ್ನನ್ನು ಬಿಟ್ಟು ಹೋಗಲಿಲ್ಲ.

ಮೊನ್ನೆ ಲ್ಯಾಬಿನಿಂದ ಮನೆಗೆ ಬಂದು ಇನ್ನೂ ಚಹಾ ಕುಡಿದಿರಲಿಲ್ಲ, ವೈನಿಯ ಮಗಳ ಫೋನು ಬಂತು. ಅವಳಿಗೆ ಈಗ ದಿನ ತುಂಬುತ್ತಿವೆ. ಡಾಕ್ಟರು ಸಕ್ಕರೆಯ ಪರೀಕ್ಷೆ ಮಾಡಿಸಿದ್ದರು.

"ಆಂಟಿ, ಸಕ್ರಿ ಏನೂ ಇಲ್ಲಂತ. ನೆಗೆಟಿವ್... ಅಲ್ಲ, ನಾರ್ಮಲ್ ಐತಂತ," ಎಂದು ನಕ್ಕಳು. ಆಮೇಲೆ ಅವಳ ದನಿ ತಗ್ಗಿತು.

"ಸುದ್ದಿ ಕೇಳಿದ ಕೂಡಲೇ ಅವ್ವಗ ಹೇಳಬೇಕಂತ ಫೋನ್ ತಗೊಂಡೆ ಆಂಟಿ. ನಂಬರ್ ಒತ್ತಿದ ಮ್ಯಾಲ ನೆನಪಾತು... ಅದಕ್ಕ ನಿಮಗ ಮಾಡಿದೆ."

"ಒಳ್ಳೇದಾತವ್ವ," ಎಂದೆ. "ಈಗ ಮೊದಲಿಂದ ಹೇಳು. ಡಾಕ್ಟರು ಏನಂದ್ರು, ನೀ ಏನ ಕೇಳಿದಿ, ಎಲ್ಲ ಹೇಳು."

ಅವಳು ಹೇಳುತ್ತ ಹೋದಳು. ಅವಳ ತಾಯಿ ಕೇಳುತ್ತಿದ್ದಷ್ಟು ಹೊತ್ತು ನಾನು ಕೇಳಿದೆ.